ಉಸ್ತಾದರು ಬೇಡ ಅಂದ ಟೈರು

ಉಸ್ತಾದರು ತೀರಿಕೊಂಡು ಮೂರು ತಿಂಗಳಾಗಿತ್ತಂತೆ. ನನಗೆ ತಿಳಿದದ್ದು ಕಳೆದ ವಾರ, ದೇವದುರ್ಗ ರಸ್ತೆಯ ಪೆಟ್ರೋಲ್ ಬಂಕಿನಲ್ಲಿ. ಆ ಬಂಕಿಗೆ ನಾನು ಹೋಗುವುದನ್ನು ಬಿಟ್ಟು ವರ್ಷಗಳಾಗಿದ್ದವು. ಅವತ್ತು ಕಾರಿನ ಒಂದು ಚಕ್ರದ ಗಾಳಿ ಪೂರ್ತಿ ಇಳಿದು, ಬೇರೆ ದಾರಿಯಿಲ್ಲದೆ ಒಳಗೆ ತಿರುಗಿಸಿದೆ. ಪಂಕ್ಚರ್ ಶೆಡ್ಡಿನ ಮುಂದೆ ಯಾರೋ ಹೊಸಬ ಕೂತಿದ್ದ.

"ಇಲ್ಲಿ ಉಸ್ತಾದರು ಇರ್ತಿದ್ರಲ್ಲ?" ಅಂದೆ.

"ಅವರು ಹೋದ್ರಲ್ರೀ. ಮೂರು ತಿಂಗಳಾತು. ನಿಮಗ ಬೇಕಾದವರೇನ್ರೀ?"

"ಗುರುತಿನವರು" ಅಂದೆ. ಅವರ ವಿಷಯದಲ್ಲಿ ನಾನು ಹೇಳಿದ ಕೊನೆಯ ಸುಳ್ಳು ಅದಾಗಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಅವರ ಹೆಸರನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಒಮ್ಮೆ ಬರೆದಿದ್ದೇನೆ. ಬರೆಯಬಾರದ ಕಾಗದದ ಮೇಲೆ, ಕರಿಹಲಗೆಯ ಮೇಲೆ ಬರೆಯುವಂಥ ದುಂಡನೆಯ ಅಕ್ಷರದಲ್ಲಿ. ರಾಯಚೂರಿನಲ್ಲಿ ಗಾಡಿ ಇಟ್ಟವರು ಯಾರೂ ಅವರನ್ನು ಹೆಸರು ಹಿಡಿದು ಕರೆದದ್ದೂ ಇಲ್ಲ. ಎಲ್ಲರಿಗೂ ಅವರು ಉಸ್ತಾದರೇ.

ಗಂಜಿನ ದವಸದ ಪೇಟೆಯಿಂದ ಸ್ವಲ್ಪ ಮುಂದೆ ಅವರ ತಗಡಿನ ಅಂಗಡಿ. ಮೂರು ಗೋಡೆಗೂ ಮಾಡು ಮುಟ್ಟುವಂತೆ ಟೈರು ಪೇರಿಸಿರುತ್ತಿದ್ದರು. ಗಿರಾಕಿಗೆ ಕುರ್ಚಿ ಇರಲಿಲ್ಲ. ಯಾರಾದರೂ ಟೈರಿನ ಮೇಲೆ ಕೂರಲು ಹೋದರೆ, "ಕೂಡಾಕ ಬಂದೀರೇನು, ಕೆಲಸ ನೋಡಾಕ ಬಂದೀರೇನು?" ಎಂದು ಗದರುತ್ತಿದ್ದರು. ಉದ್ದನೆಯ ಬಡಕಲು ಆಳು. ವರ್ಷಾನುಗಟ್ಟಲೆ ಜಾಕು ಎತ್ತಿ ಎತ್ತಿ ಎಡಭುಜ ಜಾರಿತ್ತು. ಕನ್ನಡಕಕ್ಕೆ ಕರೀ ದಾರ. ಹೆಗಲ ಮೇಲೊಂದು ಕೆಂಪು ಅರಿವೆ. ಗಾಡಿ ಬಂದು ನಿಂತ ಕೂಡಲೇ ಆ ಅರಿವೆಯನ್ನು ಒದ್ದೆ ಮಾಡಿ, ಟೈರಿನ ಪಕ್ಕೆಯ ಮಣ್ಣು ಒರೆಸಿ, ಅಲ್ಲಿ ಅಚ್ಚಾದ ಅಂಕಿಗಳನ್ನು ಉರ್ದುವಿನಲ್ಲಿ ಗಟ್ಟಿಯಾಗಿ ಓದುತ್ತಿದ್ದರು. ಏಳನೇ ಇಯತ್ತೆಗೆ ಸಾಲಿ ಬಿಟ್ಟವರು. ಟೈರಿನ ಮೇಲೆ ಏನಿದ್ದರೂ ಓದುತ್ತಿದ್ದರು, ಅದರ ಬಗ್ಗೆ ಸ್ವಲ್ಪ ಜಂಬವೂ ಇತ್ತು.

ಅಂಕಿ ಓದುವುದಕ್ಕೂ ಮೊದಲು ಒಂದು ಪ್ರಶ್ನೆ ಇರುತ್ತಿತ್ತು. ಬೇರೆ ಅಂಗಡಿಯವರು "ಯಾವ ಅಳತಿ? ಯಾವ ಕಂಪನಿ?" ಎಂದು ಕೇಳಿದರೆ ಇವರು ಕೇಳುತ್ತಿದ್ದದ್ದು, "ಯಾರ್ ಕೂಡ್ತಾರ್ರೀ ಇದ್ರಾಗ?" ಎಷ್ಟು ಮಂದಿ, ಏನು ಸಾಮಾನು, ಯಾವ ರಸ್ತೆ. ಅದಕ್ಕೆ ಸರಿಯಾದ ಉತ್ತರ ಬರುವ ತನಕ ಗಾಡಿಗೆ ಕೈ ಹಚ್ಚುತ್ತಿರಲಿಲ್ಲ.

ಒಮ್ಮೆ ಮಾನ್ವಿಯ ಅಕ್ಕಿ ಗಿರಣಿಯ ಸಾಹುಕಾರರೊಬ್ಬರು ಹೊಸ ಜೀಪು ತಂದಿದ್ದರು. ಮೂಲದ ಟೈರು ತೆಳ್ಳಗೆ ಕಾಣುತ್ತವೆ, ಅಗಲವಾದವು ಬೇಕು ಅಂತ. ಉಸ್ತಾದರು ಯಾರು ಕೂಡ್ತಾರ ಎಂದು ಕೇಳಿದರು. "ನಾನು, ನಮ್ಮ ಮನ್ಯಾಕಿ, ಮೂರು ಮಕ್ಕಳು" ಅಂದರು ಸಾಹುಕಾರರು. ಉಸ್ತಾದರು ಸ್ಟೇರಿಂಗನ್ನು ಪೂರ್ತಿ ಒಂದು ಕಡೆಗೆ ತಿರುಗಿಸಿ, ಬಗ್ಗಿ, ಟೈರಿಗೂ ಮೇಲಿನ ತಗಡಿಗೂ ನಡುವೆ ನಾಲ್ಕು ಬೆರಳು ತೂರಿಸಿದರು.

"ನೋಡ್ರಿ, ಬೆರಳು ಹೋಗ್ತಾವ. ನೀವು ಕೇಳೋ ಟೈರ್ ಹಾಕಿದ್ರ ಹೋಗಂಗಿಲ್ಲ. ಬಜಾರದಾಗ ಮಂದಿ ನಿಮ್ಮ ಗಾಡಿ ನಿಂತು ನೋಡ್ತಾರ, ಖರೆ. ತಿರುವಿನ್ಯಾಗ ಟೈರ್ ತಗಡಿಗೆ ತಿಕ್ಕುವಾಗ ನೋಡಾಕ ನೀವು ಐದು ಮಂದಿ ಮಾತ್ರ ಇರ್ತೀರಿ."

ಸಾಹುಕಾರರಿಗೆ ಸಿಟ್ಟು ಬಂದು ಹೊರಟೇ ಹೋದರು. ಎಷ್ಟು ದೊಡ್ಡ ಗಿರಾಕಿ ಹೋದ ಎಂಬ ಚಿಂತೆ ಉಸ್ತಾದರ ಮುಖದಲ್ಲಿ ಇರಲಿಲ್ಲ. ಬೀಡಿ ಹಚ್ಚಿ ಮುಂದಿನ ಗಾಡಿಯ ಕಡೆ ನಡೆದರು.

ಇನ್ನೊಮ್ಮೆ ಗೂಗಲ್ ಎಂಬ ಹಳ್ಳಿಯಿಂದ ಕಾಲು ನಡೆಯದ ಒಬ್ಬರು ಬಂದಿದ್ದರು. ಅವರದು ಹಿಂದೆ ಎರಡು ಸಣ್ಣ ಗಾಲಿ ಕಟ್ಟಿಸಿದ ಹಳೇ ಸ್ಕೂಟರು. ಆ ಸಣ್ಣ ಗಾಲಿಯ ಅಳತೆಯ ಟೈರು ತಯಾರಾಗುವುದೇ ನಿಂತು ಹೋಗಿತ್ತು. ಉಸ್ತಾದರು ವಾರಗಟ್ಟಲೆ ಹುಡುಕಿ ಶಕ್ತಿನಗರದ ಯಾವುದೋ ಅಂಗಡಿಯ ಮೂಲೆಯಿಂದ ಎರಡು ಹೊಸ ಟೈರು ತಂದರು. ನಾನು ಆಗ ಅಲ್ಲೇ ಇದ್ದೆ. ಒರೆಸಿ, ಪಕ್ಕೆಯ ಮೇಲಿನ ನಾಲ್ಕು ಅಂಕಿ ಓದಿದರು.

"ಮೊದಲಿನ ಎರಡು ಅಂಕಿ ವಾರ, ಕಡೀಕಿನ ಎರಡು ವರ್ಷ. ಇವು ಗೋದಾಮಿನ್ಯಾಗ ಕುಂತ ಕುಂತಲ್ಲೇ ಮುದುಕ ಆಗ್ಯಾವ."

ಟೈರನ್ನು ಹಿಂಡಿ ತೋರಿಸಿದರು. ರಬ್ಬರಿನ ಮೈತುಂಬ ಒಣ ಕೆರೆಯಂಗಳದಂತೆ ಸಣ್ಣ ಬಿರುಕು. ನಾವಾದರೆ ಅಂಗಡಿಗೆ ವಾಪಸು ಕೊಟ್ಟು ಬರುತ್ತಿದ್ದೆವು. ಅವರು ಗರಗಸ ತಂದು ಎರಡನ್ನೂ ಅಡ್ಡಡ್ಡ ಕೊಯ್ದರು. "ಇಲ್ಲಾಂದ್ರ ಇನ್ಯಾರೋ ಹಾಕ್ಕೋತಾರ" ಅಂದರು. ಆಮೇಲೆ ಟೈರಿನ ಆಸೆ ಬಿಟ್ಟು, ಮಾರುಕಟ್ಟೆಯಲ್ಲಿ ಸಿಗುವ ಟೈರು ಕೂಡುವಂಥ ಬೇರೆ ಗಾಲಿಗಳನ್ನೇ ಹೊಂದಿಸಿ ಕೂಡಿಸಿದರು. ಮುಗಿದ ಮೇಲೆ ತಾವೇ ಆ ಸ್ಕೂಟರಿನ ಮೇಲೆ, ಉದ್ದ ಕಾಲು ಮಡಚಿಕೊಂಡು, ಗಂಜಿನ ಸುತ್ತ ನಾಲ್ಕು ಸಲ ತಿರುಗಿದರು. ಹಮಾಲರು ಬಿದ್ದು ಬಿದ್ದು ನಕ್ಕರು. ಇವರು ನಗಲಿಲ್ಲ, ತಲೆ ಬಾಗಿಸಿ ಹಿಂದಿನ ಗಾಲಿಯ ಸಪ್ಪಳ ಕೇಳುತ್ತಿದ್ದರು.

ಇಷ್ಟು ಹೇಳಿದ ಮಾತ್ರಕ್ಕೆ ಅವರು ಸಾಧು ಮನುಷ್ಯ ಎಂದುಕೊಳ್ಳಬಾರದು. ಬಾಯಿ ಕೆಟ್ಟದ್ದು. ಯಾರನ್ನೂ ಹೊಗಳಿದ್ದು ನಾನು ಕೇಳಿಲ್ಲ. ನಾಲ್ಕು ಜನರ ಮುಂದೆ ಹೀಯಾಳಿಸುವಾಗ ಎದುರಿನವನ ಮುಖ ನೋಡುತ್ತಿರಲಿಲ್ಲ. ನನ್ನ ಕಥೆ ಕೆಟ್ಟದ್ದು ಅಲ್ಲಿಂದಲೇ. ತಪ್ಪು ಅವರ ಬಾಯಿಯದಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವನು. ಮನೆ ರಾಯಚೂರು, ಶಾಲೆ ದೇವದುರ್ಗ ತಾಲ್ಲೂಕಿನ ಹಳ್ಳಿ. ನನ್ನಂಥವರು ಹನ್ನೊಂದು ಮಂದಿ ಸೇರಿ ಒಂದು ಹಳೇ ವ್ಯಾನು ಕೊಂಡಿದ್ದೆವು. ದಿನಾ ಬೆಳಿಗ್ಗೆ ಸಿರವಾರದ ಮೇಲೆ ಹೋಗಿ, ದಾರಿಯುದ್ದಕ್ಕೂ ಒಬ್ಬೊಬ್ಬರನ್ನು ಅವರವರ ಊರಿಗೆ ಇಳಿಸುತ್ತ ಸಾಗುವುದು. ಸಂಜೆ ಹಾಗೆಯೇ ಕೂಡಿಸಿಕೊಂಡು ಬರುವುದು. ನಮ್ಮಲ್ಲಿ ಹಿರಿಯರೆಂದರೆ ಒಬ್ಬ ಹೆಡ್‌ಮಾಸ್ತರು. ಎಲ್ಲ ನಿರ್ಧಾರ ಅವರವೇ. ವ್ಯಾನಿನ ಉಸ್ತುವಾರಿ ನನ್ನದು.

ಡ್ರೈವರು ಹುಸೇನಪ್ಪ. ಮಾನ್ವಿಯವನು, ವಾರಪೂರ್ತಿ ರಾಯಚೂರಿನಲ್ಲಿ ಉಳಿದು ಭಾನುವಾರ ಊರಿಗೆ ಹೋಗುತ್ತಿದ್ದ. ಮೆಲ್ಲನೆ ಮಾತಾಡುವ ಆಳು. ಹೆಣ್ಣು ಮಕ್ಕಳು ಹತ್ತಿ, ಸೀರೆ ಸೆರಗು ಒಳಗೆ ಎಳೆದುಕೊಂಡು, ಕೂತದ್ದು ಖಾತ್ರಿಯಾದ ಮೇಲೆಯೇ ಗಾಡಿ ಬಿಡುತ್ತಿದ್ದ. "ಹುಸೇನಪ್ಪ, ಟೈಮಾತು" ಎಂದು ಹೆಡ್‌ಮಾಸ್ತರು ಎಷ್ಟು ಕೂಗಿದರೂ ಅಷ್ಟೇ.

ಆ ಜೂನಿನಲ್ಲಿ ವ್ಯಾನಿನ ನಾಲ್ಕೂ ಟೈರು ಸವೆದು ನುಣ್ಣಗಾಗಿದ್ದವು. ಶಾಲೆ ಶುರುವಾಗಿ ಮೂರು ದಿನ. ಉಸ್ತಾದರ ಹತ್ತಿರ ನಾನು, ಹೆಡ್‌ಮಾಸ್ತರು, ಜೊತೆಗೆ ದಾರಿಯಲ್ಲಿ ಹತ್ತಿಕೊಂಡ ಇನ್ನೂ ಮೂವರು ಹೋದೆವು. ಅವರು ನಾಲ್ಕೂ ಗಾಲಿ ಬಿಚ್ಚಿದರು. ಒಂದರ ಅಂಚು ಬಾಗಿತ್ತು, ಬಡಿದು ನೆಟ್ಟಗೆ ಮಾಡಿದರು. ಅರಿವೆಯಿಂದ ಒರೆಸಿ ಓದಿದರು: "ದೋ ಸೌ ಪಂದ್ರಾ, ಪಚಹತ್ತರ್, ಪಂದ್ರಾ." ಆಮೇಲೆ ಎದ್ದು ನಿಂತರು.

"ಈ ಅಳತಿ ಈಗ ಬರವಲ್ದ್ರೀ. ಬಂದ್ ಆಗ್ಯಾದ."

"ಮತ್ತೇನು ಮಾಡೋದು?" ಅಂದರು ಹೆಡ್‌ಮಾಸ್ತರು.

ಉಸ್ತಾದರು ನೆಲದ ಮೇಲೆ ಸೀಮೆಸುಣ್ಣದಲ್ಲಿ ಮೂರು ಅಂಕಿ ಬರೆದರು. ೨೧೫, ೭೫, ೧೫. ಮೊದಲಿನದು ಟೈರಿನ ಅಗಲ, ಮಿಲಿಮೀಟರಿನಲ್ಲಿ. ಕಡೆಯದು ಒಳಗಿನ ಗಾಲಿ ಎಷ್ಟು ಇಂಚು ಅನ್ನುವುದು. ನಡುವಿನದು ಟೈರಿನ ಪಕ್ಕೆಯ ಗೋಡೆ ಎಷ್ಟು ಎತ್ತರ ಅನ್ನುವುದು, ಅಗಲದ ನೂರಕ್ಕೆ ಎಪ್ಪತ್ತೈದು ಪಾಲು. ಈ ಮೂರರ ಮುಂದೆ ಇನ್ನೊಂದು ಸಣ್ಣ ಅಂಕಿ ಇರುತ್ತದೆ, ಆ ಟೈರು ಎಷ್ಟು ಭಾರ ಹೊರುತ್ತದೆ ಅನ್ನುವುದು. ನಾನು ಹತ್ತನೇ ಇಯತ್ತೆಗೆ ಶೇಕಡಾವಾರು ಕಲಿಸುವಾಗಲೂ ಇಷ್ಟು ಚೊಕ್ಕವಾಗಿ ಹೇಳಿಲ್ಲ.

"ನೂರಾ ತೊಂಬತ್ತೈದು, ಎಂಬತ್ತು, ಹದಿನೈದು ಅಂತ ಒಂದು ಬರ್ತದ. ಅಗಲ ಚೂರು ಕಮ್ಮಿ, ಗ್ವಾಡಿ ಚೂರು ಹೆಚ್ಚು. ಒಟ್ಟು ಎತ್ತರ ಹಳೇದರಷ್ಟ ಬರ್ತದ. ಭಾರದ ಗಾಡಿಗೆ ಮಾಡಿದ್ದ ತರಸ್ತೀನಿ. ಭಾರದ ಅಂಕಿ ಹಳೇದರಷ್ಟರ ಇರಬೇಕು, ಹೆಚ್ಚರ ಇರಬೇಕು. ಕಮ್ಮಿ ಇರಬಾರ್ದು. ನಾಕೂ ಒಂದ ಸಲ ಬದಲಿ ಮಾಡಬೇಕು. ಹೈದರಾಬಾದಿಂದ ಬರಾಕ ಎಂಟು ಹತ್ತು ದಿನ."

"ಹತ್ತು ದಿನ ಬಸ್ಸಿನ್ಯಾಗ ಜೋತಾಡಬೇಕೇನು?" ಹೆಡ್‌ಮಾಸ್ತರು ಮುಖ ಸಿಂಡರಿಸಿದರು. ಬೆಳಗಿನ ಬಸ್ಸು ಹಿಡಿದರೆ ಪ್ರಾರ್ಥನೆಯ ಹೊತ್ತಿಗೆ ಶಾಲೆ ಸೇರುವುದು ಸಾಧ್ಯವಿರಲಿಲ್ಲ. "ಅಲ್ರೀ, ಸಿರವಾರ ಬಸ್‌ಸ್ಟ್ಯಾಂಡ್ ಕಡೆ ಒಂದು ಅಂಗಡ್ಯಾಗ ಇನ್ನೂರಾ ಹದಿನೈದು, ಅರವತ್ತೈದು, ಹದಿನೈದು ಅದಾವ, ನೋಡಿ ಬಂದೀನಿ. ಅಗಲ ಅದ ಅದ. ಗಾಲಿ ಅದ ಅದ. ನಡುವಿನ ಒಂದು ಅಂಕಿ ಅಷ್ಟ ಬ್ಯಾರೆ."

"ಅದು ಕಾರಿನ ಟೈರ್ರೀ. ಐದು ಮಂದಿಗೆ ಮಾಡಿದ್ದು. ನೀವು ಡ್ರೈವರ್ ಹಿಡದು ಹನ್ನೆರಡು ಮಂದಿ."

ಆಗ ನಾನು ನಡುವೆ ಬಾಯಿ ಹಾಕಿದೆ. ಹಾಕಬೇಕಾದ ಅಗತ್ಯವಿರಲಿಲ್ಲ. ಮನಸ್ಸಿನಲ್ಲೇ ಗುಣಿಸಿದ್ದೆ, ಗುಣಿಸಿದ್ದನ್ನು ಹೇಳದೆ ಇರಲಾಗಲಿಲ್ಲ. "ಒಟ್ಟು ಎತ್ತರದಾಗ ನಾಕು ಸೆಂಟಿಮೀಟರ್ ಫರಕು ಬೀಳ್ತದ ಉಸ್ತಾದ್. ನೂರಕ್ಕ ಆರು. ಅಷ್ಟಕ್ಕ ಏನಾಗ್ತದ?"

ಉಸ್ತಾದರು ಕನ್ನಡಕ ತೆಗೆದು ದಾರದ ಮೇಲೆ ಜೋತುಬಿಟ್ಟರು.

"ಮಾಸ್ತರ್, ನಿಮಗ ಲೆಕ್ಕ ಬರ್ತದ. ಭಾರ ತಿಳಿಯಂಗಿಲ್ಲ."

ಎಲ್ಲರೂ ನಕ್ಕರು. ಹೆಡ್‌ಮಾಸ್ತರು ನಕ್ಕರು, ಜೊತೆಗಿದ್ದ ವಿಜ್ಞಾನದ ಮೇಡಂ ಬಾಯಿಗೆ ಸೆರಗು ಹಿಡಿದು ನಕ್ಕರು, ಅಂಗಡಿಯ ಮುಂದೆ ನಿಂತ ಆಟೋದವನೂ ನಕ್ಕ. ನಾನೂ ನಕ್ಕಂತೆ ಮಾಡಿದೆ.

ಉಸ್ತಾದರು ಹಳೇ ಟೈರನ್ನೇ ತಿರುಗಿ ಹಾಕಿ, ಗಾಲಿ ನೆಟ್ಟಗೆ ಮಾಡಿದ್ದಕ್ಕೆ ಒಂದು ಚೀಟಿ ಕೊಟ್ಟರು. ಅದರ ಮೇಲೆ ಅಂಗಡಿಯ ಮೊಹರು, ವ್ಯಾನಿನ ನಂಬರು, 'ಟೈರ್ ಕೆಲಸ' ಎಂಬ ಎರಡು ಶಬ್ದ. ಕೊಡುವಾಗ ಹೇಳಿದರು: "ಆ ಟೈರ್ ನಾ ಹಾಕಂಗಿಲ್ಲ. ಬ್ಯಾರೆ ಕಡೆ ಹಾಕಿಸಿದ್ರ ಗಾಳಿ ತುಂಬ್ಸಾಕೂ ನನ್ನ ಹತ್ರ ಬರಬ್ಯಾಡ್ರಿ."

ಮರುದಿನ ವ್ಯಾನಿನಲ್ಲೇ ಮಾತಾಯಿತು. ಉಸ್ತಾದರು ಹೇಳಿದ್ದಕ್ಕೆ ಕಾಯೋಣ ಎಂದು ವಿಜ್ಞಾನದ ಮೇಡಂ ಒಬ್ಬರೇ ಅಂದದ್ದು. ಉಸ್ತುವಾರಿ ನನ್ನದಲ್ಲವೇ, ಹೆಡ್‌ಮಾಸ್ತರು ನನ್ನ ಮುಖ ನೋಡಿದರು. ಆ ಮನುಷ್ಯ ನಮ್ಮನ್ನು ಹೆದರಿಸಿ ತನ್ನ ಮಾಲು ಮಾರಲು ನೋಡುತ್ತಿದ್ದಾನೆ ಎಂದುಬಿಟ್ಟೆ. ಹಾಗಲ್ಲ ಎಂಬುದು ನನಗೆ ಗೊತ್ತಿತ್ತು. ಅವರು ಟೈರು ಕೊಯ್ದದ್ದನ್ನು ಕಣ್ಣಾರೆ ಕಂಡವನು ಅಲ್ಲಿ ನಾನೊಬ್ಬನೇ. ಆದರೂ ಅಂದೆ. ಮುಂದೆ ಯಾರೂ ಮಾತಾಡಲಿಲ್ಲ. ಶನಿವಾರ ಸಿರವಾರದಲ್ಲಿ ರಸ್ತೆ ಪಕ್ಕದ ಬೋರ್ಡಿಲ್ಲದ ಶೆಡ್ಡೊಂದರಲ್ಲಿ ಆ ಕಾರಿನ ಟೈರುಗಳನ್ನು ಹಾಕಿಸಿದೆವು.

ಮೂರ್ನಾಲ್ಕು ದಿನಕ್ಕೆ ಹುಸೇನಪ್ಪ ನನ್ನ ಹತ್ತಿರ ಬಂದ.

"ಸರ, ಗಾಡಿ ಕುಂತಂಗ ಆಗ್ಯಾದ್ರೀ. ಮಂದಿ ತುಂಬಿದ್ರ ಹಿಂದ ಜಗ್ಗತದ. ಟೈರ್ ಮ್ಯಾಲ ಕೈ ಇಟ್ರ ಸುಡಾಕತ್ತಾವ."

"ಬಿಸಿಲು, ಹುಸೇನಪ್ಪ. ನೆಲನೂ ಸುಡಾಕತ್ತದ."

"ಉಸ್ತಾದರಿಗೆ ಒಮ್ಮೆ ತೋರ್ಸಿಕೊಂಡು ಬರ್ಲೇನ್ರೀ?"

"ಬ್ಯಾಡ" ಅಂದೆ. "ಅವರ ಹತ್ರ ಹೋಗೋ ಕಾರಣ ಇಲ್ಲ."

ಅವನು ತಲೆಯಾಡಿಸಿ ಹೋದ. ಮತ್ತೆ ಕೇಳಲಿಲ್ಲ. ಆದರೆ ಅಂದಿನಿಂದ ಪ್ರತಿದಿನ, ಎಲ್ಲರೂ ಇಳಿದು ಹೋಗುವಾಗ, ಅವನು ಹಿಂದಿನ ಗಾಲಿಯ ಹತ್ತಿರ ಕುಕ್ಕುರುಗಾಲಲ್ಲಿ ಕೂತು ಅಂಗೈ ಇಟ್ಟು ನೋಡುವುದು ನನಗೆ ಕಾಣುತ್ತಿತ್ತು. ನಾನು ಅತ್ತ ತಿರುಗದೆ ಶಾಲೆಯ ಗೇಟು ಸೇರುತ್ತಿದ್ದೆ.

ಎರಡು ತಿಂಗಳೂ ಆಗಿರಲಿಲ್ಲ. ಒಂದು ಶನಿವಾರ, ಅರ್ಧ ದಿನದ ಶಾಲೆ ಮುಗಿಸಿ ಮಧ್ಯಾಹ್ನ ಬರುತ್ತಿದ್ದೆವು. ಹೆಡ್‌ಮಾಸ್ತರು ಸಿರವಾರದಲ್ಲಿ ಮೂರು ಚೀಲ ಅಕ್ಕಿ ಕೊಂಡು ಹಿಂದಿನ ಸೀಟಿನ ಕೆಳಗೆ, ದಾರಿಯಲ್ಲಿ, ಎಲ್ಲೆಂದರಲ್ಲಿ ಹಾಕಿಸಿದ್ದರು. ಹುಸೇನಪ್ಪ ಒಮ್ಮೆ "ಭಾರ ಆಗ್ತದ್ರೀ" ಅಂದ. ಹೆಡ್‌ಮಾಸ್ತರು "ಮೂರು ಚೀಲಕ್ಕೇನಾಗ್ತದೋ" ಅಂದರು. ಊರು ದಾಟಿ ಕಾಲುವೆಯ ಸೇತುವೆ ಹತ್ತಿರ ಬರುತ್ತಿದ್ದಂತೆ ಹಿಂದಿನಿಂದ ಒಂದು ಸಪ್ಪಳ ಬಂತು. ಗುಂಡು ಹಾರಿದಂತೆ ಇರಲಿಲ್ಲ. ಒದ್ದೆ ಚೀಲ ಎತ್ತಿ ನೆಲಕ್ಕೆ ಒಗೆದಂತೆ ಇತ್ತು. ವ್ಯಾನು ಅಡ್ಡ ತಿರುಗಿತು. ಹುಸೇನಪ್ಪ ಸ್ಟೇರಿಂಗಿನ ಜೊತೆ ಎದ್ದೇ ನಿಂತ. ನಾನು ಅವನ ಪಕ್ಕದಲ್ಲಿದ್ದೆ, ಅವನ ತೋಳಿನ ನರ ಉಬ್ಬಿದ್ದು ನೋಡಿದೆ. ಗಾಡಿ ಕಾಲುವೆಗೆ ಬೀಳಲಿಲ್ಲ. ಅವನ ಕಡೆಯ ಬದಿ ಸೇತುವೆಯ ಕಲ್ಲಿನ ಗೋಡೆಗೆ ಹೋಗಿ ಅಪ್ಪಳಿಸಿತು.

ರಾಯಚೂರು ಮುಟ್ಟುವ ಮೊದಲೇ ಹುಸೇನಪ್ಪ ಹೋದ. ವಿಜ್ಞಾನದ ಮೇಡಂ ಅವರ ಸೊಂಟದ ಎಲುಬು ಮುರಿಯಿತು. ಅವರು ಇವತ್ತಿಗೂ ಕೋಲು ಹಿಡಿದು ನಡೆಯುತ್ತಾರೆ. ಉಳಿದವರಿಗೆ ತರಚು ಗಾಯ. ನನ್ನ ಹಣೆಗೆ ನಾಲ್ಕು ಹೊಲಿಗೆ. ರಸ್ತೆಯ ತುಂಬ ಬಿಳೀ ಅಕ್ಕಿ ಚೆಲ್ಲಿತ್ತು. ಆ ಅಕ್ಕಿಯ ಮಾತು ಯಾವ ಕಾಗದದಲ್ಲೂ ಬರಲಿಲ್ಲ.

ನಾಲ್ಕನೇ ದಿನ ಹೆಡ್‌ಮಾಸ್ತರ ಮನೆಯಲ್ಲಿ ಎಲ್ಲರೂ ಕೂಡಿದೆವು. ಚಹಾ ಬಂತು, ಅವಲಕ್ಕಿ ಚೂಡಾ ಬಂತು. ಠಾಣೆಯಿಂದ ಹೇಳಿಕೆ ಕೇಳಿದ್ದರು. ಟೈರು ಯಾರು ಹಾಕಿದ್ದು, ಯಾರು ಹಾಕಿಸಿದ್ದು. ಗಾಡಿ ನಮ್ಮದು, ಡ್ರೈವರ್ ನಮ್ಮವನು. ಉತ್ತರ ನೆಟ್ಟಗೆ ಕೊಟ್ಟರೆ ಅದು ನಮ್ಮ ಹೊಸಿಲಿಗೇ ಬಂದು ನಿಲ್ಲುತ್ತಿತ್ತು.

"ನಾವು ನೌಕರಿ ಮಾಡೋ ಮಂದಿ" ಅಂದರು ಹೆಡ್‌ಮಾಸ್ತರು. "ಕೇಸು ಅಂತ ಆದ್ರ ಪ್ರಮೋಷನ್ನು, ಪಿಂಚಣಿ, ಎಲ್ಲಾ ನಿಂತು ಹೋಗ್ತದ. ಸಿರವಾರದಂವಾ ಶೆಡ್ಡ ಎತ್ತಿಕೊಂಡು ಹೋಗ್ಯಾನ. ನಮ್ಮ ಕೈಯಾಗ ಇರೋದು ಇದೊಂದ ನೋಡ್ರಿ." ಮೇಜಿನ ಮೇಲೆ ಉಸ್ತಾದರ ಚೀಟಿ ಇಟ್ಟರು. ಮೊಹರು, ವ್ಯಾನಿನ ನಂಬರು, 'ಟೈರ್ ಕೆಲಸ'.

ಯಾರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಯಾರೋ ಚೂಡಾದಲ್ಲಿ ಶೇಂಗಾ ಆರಿಸಿ ತಿನ್ನುತ್ತಿದ್ದರು.

"ನೀವ ಬರೀರಿ. ನಿಮ್ಮ ಅಕ್ಷರ ಚಂದ ಅದಾವ" ಎಂದು ಹೆಡ್‌ಮಾಸ್ತರು ಪೆನ್ನು ನನ್ನ ಕಡೆ ಚಾಚಿದರು.

ಬರೆದೆ. ಸದರಿ ಟೈರುಗಳನ್ನು ಈ ಕೆಳಕಂಡ ಅಂಗಡಿಯವರ ಸಲಹೆಯ ಮೇರೆಗೆ, ಅವರಿಂದಲೇ ಹಾಕಿಸಲಾಗಿತ್ತು ಎಂದು. ಕೆಳಗೆ ಅವರ ಹೆಸರು. ಕೈ ನಡುಗಿತು, ಅಳು ಬಂತು ಎಂದೆಲ್ಲ ಬರೆದರೆ ಇನ್ನೊಂದು ಸುಳ್ಳಾಗುತ್ತದೆ. ಕೈ ನಡುಗಲಿಲ್ಲ. ಅವರ ಹೆಸರಿನ ಒತ್ತಕ್ಷರ ಬರೆಯುವಾಗ, 'ಭಾರ ತಿಳಿಯಂಗಿಲ್ಲ' ಅಂದ ಮಾತು ನೆನಪಾಗಿ, ಒಳಗೆಲ್ಲೋ ಸಣ್ಣಗೆ ಖುಷಿಯಾಗಿತ್ತು. ಇಷ್ಟು ವರ್ಷ ನಾನು ಯಾರಿಗೂ ಹೇಳದೆ ಇಟ್ಟುಕೊಂಡದ್ದು ಅದೇ. ಸುಳ್ಳು ಬರೆದವರು ಬಹಳ ಮಂದಿ ಇರಬಹುದು, ಬರೆಯುವಾಗ ಹಾಗೆ ಖುಷಿಪಟ್ಟವರು ಎಷ್ಟು ಮಂದಿಯೋ.

ಮರುದಿನ ಆ ಕಾಗದವನ್ನು ಆಸ್ಪತ್ರೆಗೆ ಒಯ್ದೆವು. ವಿಜ್ಞಾನದ ಮೇಡಂ ಮಲಗಿದ್ದಲ್ಲೇ ಎರಡು ಸಲ ಓದಿದರು. ನನ್ನನ್ನೊಮ್ಮೆ ನೋಡಿ ಸಹಿ ಮಾಡಿದರು. ನಾವಿಬ್ಬರೂ ಆಮೇಲೆ ಸರಿಯಾಗಿ ಮಾತಾಡಿಲ್ಲ.

ಉಸ್ತಾದರನ್ನು ಠಾಣೆಗೆ ಕರೆಸಿದರು. ಒಂದು ಸಲವಲ್ಲ, ವಾರಗಟ್ಟಲೆ. ಕರೆದಾಗಲೆಲ್ಲ ಅಂಗಡಿಯ ಬಾಗಿಲು ಹಾಕಿ ಹೋಗಬೇಕು. ಡ್ರೈವರನ್ನು ಸಾಯಿಸಿದ ಟೈರು ಅವರು ಹಾಕಿದ್ದಂತೆ ಎಂಬ ಮಾತು ಆಟೋ ಸ್ಟ್ಯಾಂಡಿನಿಂದ ಲಾರಿಯವರ ತನಕ ಹರಡಿತು. ಬಾಯಿ ಕೆಟ್ಟ ಮನುಷ್ಯನಿಗೆ ಕಷ್ಟ ಬಂದರೆ ಊರಿಗೆ ಒಳಗೊಳಗೇ ಸಮಾಧಾನ. ಅವರು ಗದರಿಸಿ ಕಳಿಸಿದ ಗಿರಾಕಿಗಳೆಲ್ಲ ಒಟ್ಟಿಗೇ ಬುದ್ಧಿವಂತರಾದರು.

ಒಂದು ದಿನ ಉಸ್ತಾದರು ನನ್ನ ಶಾಲೆಗೇ ಬಂದರು. ಬಸ್ಸಿನಲ್ಲಿ ಬಂದು, ಗೇಟಿನ ಹೊರಗೆ ಬೇವಿನ ಗಿಡದ ಬುಡದಲ್ಲಿ ಕೂತಿದ್ದರು. ನಾನು ಕಿಟಕಿಯಿಂದ ಕಂಡೆ. ಎರಡು ಪಿರಿಯಡ್ಡು ಹೊರಗೆ ಬರಲಿಲ್ಲ. ಊಟದ ಗಂಟೆ ಹೊಡೆದ ಮೇಲೆ ಬರಲೇಬೇಕಾಯಿತು. ಅವರು ಎದ್ದು ನಿಂತರು. ನನ್ನನ್ನು ಕಂಡು ಅವರು ಎದ್ದು ನಿಂತದ್ದು ಅದೇ ಮೊದಲು.

"ಮಾಸ್ತರ್, ನಾ ಬ್ಯಾಡ ಅಂದಿದ್ದೆ. ನೆನಪ ಅದ ಇಲ್ಲ?"

"ನೋಡೋಣ ಉಸ್ತಾದ್, ಎಲ್ಲಾರ ಕೂಡ ಒಮ್ಮೆ ಮಾತಾಡಿ..."

"ಎಲ್ಲಾರನ್ನ ಕೇಳಾಕ ಬಂದಿಲ್ಲ. ನಿಮ್ಮನ್ನ ಕೇಳಾಕತ್ತೀನಿ. ನಾ ಬ್ಯಾಡ ಅಂದಿದ್ದೆ ಅಂತ ಒಂದು ಸಾಲು ಬರದು ಕೊಡ್ರಿ. ಮತ್ತೇನೂ ಬ್ಯಾಡ. ನೀವು ಹಾಕಿಸಿದ್ರಿ ಅಂತನೂ ಬರೀಬ್ಯಾಡ್ರಿ."

ಮಕ್ಕಳು ತಟ್ಟೆ ಹಿಡಿದು ನಮ್ಮ ಸುತ್ತ ಓಡುತ್ತಿದ್ದವು. ದೊಡ್ಡವರು ಯಾರೇ ಬಂದರೂ ನಮಸ್ಕಾರ ಹೇಳಬೇಕೆಂದು ನಾವೇ ಕಲಿಸಿದ್ದೆವು. ಒಂದೊಂದೇ ಮಗು "ನಮಸ್ತೆ ಸರ್" ಎಂದು ಅವರಿಗೆ ಹೇಳುತ್ತಿತ್ತು. ಅವರು ಪ್ರತಿಯೊಂದಕ್ಕೂ ಹಣೆಗೆ ಕೈ ಹಚ್ಚಿ ಸಲಾಂ ಮಾಡುತ್ತಿದ್ದರು, ಆಮೇಲೆ ನನ್ನ ಕಡೆ ನೋಡುತ್ತಿದ್ದರು.

"ವಿಚಾರ ಮಾಡ್ತೀನಿ" ಅಂದೆ.

"ಆತ್ರೀ" ಅಂದರು. ಕೆಂಪು ಅರಿವೆಯಿಂದ ಮುಖ ಒರೆಸಿಕೊಂಡು ರಸ್ತೆಯ ಕಡೆ ನಡೆದರು. ಮುಂದಿನ ಬಸ್ಸು ನಾಲ್ಕೂವರೆಗೆ. ಅಲ್ಲಿಯವರೆಗೆ ಅವರು ಬಿಸಿಲಲ್ಲಿ ನಿಂತಿರುವುದು ನನ್ನ ಕ್ಲಾಸಿನ ಕಿಟಕಿಗೆ ಕಾಣುತ್ತಿತ್ತು. ಕಿಟಕಿ ಮುಚ್ಚಿಸಿದೆ. ವಿಚಾರ ಮಾಡಲಿಲ್ಲ.

ಕೇಸು ಹಾಗೇ ಎಳೆದು ಎಳೆದು, ಸಾಕ್ಷಿ ಸಾಲದೆಂದು ಬಿದ್ದುಹೋಯಿತು. ಅವರಿಗೆ ಶಿಕ್ಷೆಯಾಗಲಿಲ್ಲವಲ್ಲ ಎಂದು ನಮ್ಮವರು ಕೆಲವರು ನಿಟ್ಟುಸಿರು ಬಿಟ್ಟರು. ಆ ಹೊತ್ತಿಗೆ ಅಂಗಡಿಯೇ ಇರಲಿಲ್ಲ. ಅಷ್ಟೊಂದು ಟೈರಿನ ಜಾಗದಲ್ಲಿ ಮೊಬೈಲ್ ಅಂಗಡಿ ಬಂದಿತ್ತು. ದೇವದುರ್ಗ ರಸ್ತೆಯ ಬಂಕಿನಲ್ಲಿ ಪಂಕ್ಚರ್ ಶೆಡ್ಡು ಹಿಡಿದಿದ್ದಾರೆಂದು ಕೇಳಿದೆ. ಟೈರು ಮಾರಲು ಯಾರೂ ಅವರಿಗೆ ಮಾಲು ಕೊಡುತ್ತಿರಲಿಲ್ಲವಂತೆ.

ಅಲ್ಲಿ ಅವರನ್ನು ನೋಡಿದ್ದು ಒಂದೇ ಸಲ. ಆಗ ನಾನು ಕಾರು ಕೊಂಡಿದ್ದೆ. ಮುಂದಿನ ಚಕ್ರಕ್ಕೆ ಮೊಳೆ ಚುಚ್ಚಿತ್ತು. ಅವರು ಇದ್ದಾರೆಂದು ಗೊತ್ತಿದ್ದೂ ಹೋದೆನೋ, ಗೊತ್ತಿದ್ದದ್ದಕ್ಕೇ ಹೋದೆನೋ, ಈಗ ಹೇಳಲಾರೆ. ಬಹಳ ಇಳಿದುಹೋಗಿದ್ದರು. ನನ್ನನ್ನು ಗುರುತಿಸಿದರು, ಅದು ಒಂದು ಕ್ಷಣ ಕೈ ನಿಂತದ್ದರಲ್ಲೇ ತಿಳಿಯಿತು. ಆಮೇಲೆ ಮೊಳೆ ಕಿತ್ತು ತೂತು ಮುಚ್ಚಿದರು. ನಾನು ಹೇಳದಿದ್ದರೂ ಉಳಿದ ಮೂರನ್ನೂ ಒರೆಸಿ ಓದಿದರು.

"ಹಿಂದಿನ ಎರಡು ಬದಲಿ ಮಾಡ್ರಿ. ಬಿರುಕು ಬಿಟ್ಟಾವ."

"ಉಸ್ತಾದ್, ನಾ ಆವತ್ತು..."

"ಗಾಳಿ ಮೂವತ್ತಮೂರು ಹಾಕೀನಿ."

"ಆ ಕಾಗದ..."

"ಹಿಂದ ಗಾಡಿ ನಿಂತಾವ್ರಿ. ಮುಂದ ತಗೀರಿ."

ಮುಂದೆ ತೆಗೆದೆ. ಆ ಎರಡು ಟೈರನ್ನು ಅದೇ ವಾರ ಬದಲಾಯಿಸಿದೆ. ಅವರ ಮಾತನ್ನು ನಾನು ಕೇಳಿದ್ದು ಅದೊಂದೇ ಸಲ.

ಹೆಡ್‌ಮಾಸ್ತರು ನಿವೃತ್ತರಾದಾಗ ದೊಡ್ಡ ಸಮಾರಂಭವಾಯಿತು. ಸತ್ಯ, ಶಿಸ್ತು, ಸಮಯಪಾಲನೆ ಎಂದು ಅಭಿನಂದನಾ ಪತ್ರದಲ್ಲಿತ್ತು. ಅದನ್ನು ಬರೆದವನೂ ಓದಿದವನೂ ನಾನೇ. ನನ್ನ ಅಕ್ಷರ ಇನ್ನೂ ಚಂದವೇ ಇದೆ.

ಕಳೆದ ವಾರ ಬಂಕಿನಿಂದ ಮನೆಗೆ ಬಂದವನಿಗೆ ಕೂತಲ್ಲಿ ಕೂರಲಾಗಲಿಲ್ಲ. ಉಸ್ತಾದರ ಮನೆಯವರು ಎಲ್ಲಿದ್ದಾರೆಂದು ವಿಚಾರಿಸಿದೆ. ಹೆಂಡತಿ ಮೊದಲೇ ತೀರಿದ್ದರು, ಮಗಳು ಕರ್ನೂಲಿನ ಕಡೆ ಎಲ್ಲೋ ಇದ್ದಾಳಂತೆ, ಸರಿಯಾಗಿ ಯಾರಿಗೂ ಗೊತ್ತಿಲ್ಲ. ಆಗ ಹುಸೇನಪ್ಪನ ಹೆಂಡತಿ ನರಸಮ್ಮನ ನೆನಪಾಯಿತು. ಆಕೆಗಾದರೂ ನಿಜ ಹೇಳಬೇಕು ಎನಿಸಿ ಮಾನ್ವಿಗೆ ಹೋದೆ. ಆಕೆ ಒಂದು ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾಳೆ. ಊಟ ಮುಗಿದು ಮಕ್ಕಳು ಒಳಗೆ ಹೋಗಿದ್ದರು. ಆಕೆ ನಳದ ಹತ್ತಿರ ದೊಡ್ಡ ಪಾತ್ರೆಯೊಳಗೆ ಅರ್ಧ ಮೈ ಬಗ್ಗಿಸಿ ತಿಕ್ಕುತ್ತಿದ್ದಳು.

"ಬರ್ರಿ ಸರ" ಎಂದು ಎದ್ದಳು. ಕೈ ತೊಳೆದು, ನೆನಪಿಟ್ಟು, "ಹಣಿಗೆ ಪೆಟ್ಟಾಗಿತ್ತಲ್ರೀ ನಿಮಗ, ಮಾಸಿತೇನು?" ಎಂದು ಕೇಳಿದಳು.

ನಾನು ನಿಂತೇ ಎಲ್ಲ ಹೇಳಿದೆ. ಉಸ್ತಾದರು ಬೇಡ ಅಂದದ್ದು, ನಾವು ಸಿರವಾರದಲ್ಲಿ ಹಾಕಿಸಿದ್ದು, ಹುಸೇನಪ್ಪ ಬಂದು ಕೇಳಿದ್ದು, ನಾನು ತಡೆದದ್ದು, ಅಕ್ಕಿ ಚೀಲ, ಕಾಗದ. ನಳ ಹಾಗೇ ಸುರಿಯುತ್ತಿತ್ತು. ಮುಗಿದ ಮೇಲೆ ಅದನ್ನು ಬಂದ್ ಮಾಡಿದಳು.

"ಆ ಟೈರಿನ ಮನಷ್ಯಾ ನನಗ ಹೇಳಿದ್ದ ಸರ" ಅಂದಳು.

"ಯಾವಾಗ?"

"ನಮ್ಮವರು ಹೋದ ಹತ್ತನೇ ದಿನಕ್ಕ ನಾ ರಾಯಚೂರಿಗೆ ಹೋಗಿದ್ದೆ. ಅಂವನ ಅಂಗಡಿ ಮುಂದ ನಿಂತು ಬಾಯಿಗೆ ಬಂದಂಗ ಬೈದೆ. ಚಪ್ಪಲಿ ತಗದು ಮುಖಕ್ಕ ಒಗದೆ. ಮಂದಿ ಕೂಡಿತ್ತು. ಅಂವಾ ಸರೀಲಿಲ್ಲ. 'ಯವ್ವಾ, ನಾ ಹಾಕಿಲ್ಲ, ನಾ ಬ್ಯಾಡ ಅಂದೀನಿ, ಮಾಸ್ತರನ್ನ ಕೇಳಿ ನೋಡು' ಅಂದ. ಸಾಲಿ ಕಲಿಸೋ ಮಾಸ್ತರು ಸುಳ್ಳ ಬರೀತಾರೇನಲೇ ಅಂದು, ಇನ್ನೊಂದು ಚಪ್ಪಲೀನೂ ಒಗದೆ."

ನಾನು ಏನೋ ಹೇಳಲು ಬಾಯಿ ತೆರೆದೆ. ಆಕೆ ಕೈ ಎತ್ತಿ ತಡೆದಳು.

"ಎರಡೂ ಚಪ್ಪಲಿ ಆರಿಸಿಕೊಂಡು ಬಂದು ನನ್ನ ಕಾಲ ಹತ್ರ ಇಟ್ಟ ಸರ. 'ನೆಲ ಸುಡ್ತದ, ಮೆಟ್ಟಿಕೊಂಡು ಹೋಗವ್ವ' ಅಂದ. ಇಷ್ಟು ವರ್ಷ ನಾ ಅದನ್ನ ಕಳ್ಳನ ನಾಟಕ ಅಂತ ತಿಳ್ಕೊಂಡಿದ್ದೆ. ಕೇಳಿದವರಿಗೆಲ್ಲ ಹಂಗ ಹೇಳಿಕೋತ ಬಂದೀನಿ." ಸೆರಗಿನ ತುದಿ ಬಾಯಿಗೆ ಒತ್ತಿಕೊಂಡಳು. "ಅಂವಾ ಇದ್ದಾಗ ಬಂದು ಹೇಳಿದ್ರ ನಾ ಹೋಗಿ ಅಂವನ ಕಾಲಿಗೆ ಬೀಳ್ತಿದ್ದೆ. ನೀವು ಈಗ ಬಂದು ಹೇಳಿ ಹಗುರಾದ್ರಿ. ನಾ ಯಾರ ಹತ್ರ ಹೋಗ್ಲಿ ಸರ?"

ಆಕೆ ಉತ್ತರಕ್ಕೆ ಕಾಯಲಿಲ್ಲ. ಪಾತ್ರೆಯೊಳಗೆ ಬಗ್ಗಿದಳು. ಅದನ್ನು ಆಕೆ ಆಗಲೇ ತಿಕ್ಕಿ ಮುಗಿಸಿದ್ದಳು. ಮತ್ತೆ ತಿಕ್ಕತೊಡಗಿದಳು.